ಹೋದವರ ಕೆಲಸ

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಹಳ್ಳಿಯಲ್ಲಿ ಒಬ್ಬರು ತೀರಿಕೊಂಡರೆ ಮನೆಗೆ ಎರಡು ನಷ್ಟ ಒಟ್ಟಿಗೇ ಆಗುತ್ತವೆ. ಮನುಷ್ಯ ಹೋದದ್ದು ಒಂದು. ಆ ಮನುಷ್ಯ ಮಾಡುತ್ತಿದ್ದ ಕೆಲಸ ನಿಂತದ್ದು ಇನ್ನೊಂದು. ಮೊದಲನೆಯದಕ್ಕೆ ವಿಧಿಯಿದೆ, ದಿನಗಳ ಲೆಕ್ಕವಿದೆ, ಜೊತೆಗೆ ಕೂತು ಅಳುವ ಜನರಿದ್ದಾರೆ. ಎರಡನೆಯದು ಮರುದಿನ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೇ ಎದುರಾಗುತ್ತದೆ. ಕೊಟ್ಟಿಗೆಯ ಎಮ್ಮೆ ಯಾರ ಕೈಗೆ ಒಗ್ಗಿತ್ತೋ ಅವರಿಲ್ಲ. ತೋಟದ ಪೈಪಿನ ವಾಲ್ವ್ ಎಲ್ಲೆಲ್ಲಿ ಹೂತಿದೆ ಎಂದು ಗೊತ್ತಿದ್ದವರಿಲ್ಲ. ಸೊಸೈಟಿ ಸಾಲದ ಕಂತು ಯಾವ ತಿಂಗಳು, ಯಾವ ಆಳಿಗೆ ಎಷ್ಟು ಮುಂಗಡ ಹೋಗಿದೆ ಎಂಬ ಲೆಕ್ಕವೆಲ್ಲ ಒಂದೇ ತಲೆಯಲ್ಲಿತ್ತು. ದುಃಖವನ್ನು ತಾಳಿಕೊಳ್ಳುವ ಬಗೆ ಹೇಗೆ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಸಿಗುವ ಉತ್ತರವೆಲ್ಲ, ಆ ಕೆಲಸ ಯಾರ ಕೈಗೆ ಹೋಯಿತು, ಹೇಗೆ ಹೋಯಿತು ಎಂಬುದರ ಸುತ್ತಲೇ ಇದೆ.

ಸಾವಿನ ಸುದ್ದಿ ಬಂದ ಕೂಡಲೇ ಊರಿನಿಂದ ಮನೆಗೊಬ್ಬರು ಹೊರಡುತ್ತಾರೆ. ಗಂಡಸರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡೇ ಬರುವುದು ಹಳೆಯ ರೂಢಿ, ಏಕೆಂದರೆ ಅಲ್ಲಿ ಮೊದಲು ಆಗಬೇಕಾದದ್ದು ಸೌದೆಯ ಕೆಲಸ. ಇದರ ಬೆಲೆ ಗೊತ್ತಾಗುವುದು ಮಳೆಗಾಲದಲ್ಲಿ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಹೊಸನಗರದ ಘಟ್ಟದಂಚಿನ ಊರುಗಳೂ ಅದಕ್ಕೆ ಬಹಳ ಹಿಂದೆ ಬಿದ್ದಿಲ್ಲ. ಆಷಾಢದಲ್ಲಿ ಕಡಿದ ಹಸಿ ಮರ ಉರಿಯದು. ಆಗ ಪ್ರತಿ ಮನೆಯವರೂ ಮಳೆಗಾಲದ ಒಲೆಗೆಂದು ಕೂಡಿಟ್ಟ ಒಣ ಸೌದೆಯಿಂದ ಒಂದೊಂದು ಹೊರೆ ತರುತ್ತಾರೆ, ತೆಂಗಿನ ಕರಟ ತರುತ್ತಾರೆ, ಚಿತೆಯ ಮೇಲೆ ತಗಡು ಹಿಡಿಯಲು ನಾಲ್ಕು ಜನ ನಿಲ್ಲುತ್ತಾರೆ. ತಮ್ಮ ಮನೆಯ ಒಲೆಗೆ ಇಟ್ಟುಕೊಂಡದ್ದನ್ನು ನೆರೆಯವರ ಚಿತೆಗೆ ಕೊಡುವುದಕ್ಕಿಂತ ದೊಡ್ಡ ಸಾಂತ್ವನದ ಮಾತು ಇರಲಾರದು. ಅದನ್ನು ಯಾರೂ ಬಾಯಲ್ಲಿ ಆಡುವುದಿಲ್ಲ.

ಶವ ಮನೆಯಲ್ಲಿರುವಷ್ಟು ಹೊತ್ತು ಒಲೆ ಹಚ್ಚುವುದಿಲ್ಲ. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರ 1965ರ ‘ಸಂಸ್ಕಾರ’ ಕಾದಂಬರಿಯ ಇಕ್ಕಟ್ಟು ನಿಂತಿರುವುದು ಈ ಕಟ್ಟಳೆಯ ಮೇಲೆಯೇ: ಶವಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಇಡೀ ಅಗ್ರಹಾರ ಹಸಿದು ಕೂರುತ್ತದೆ. ದಿನನಿತ್ಯದ ಬದುಕಿನಲ್ಲಿ ಆ ಕಟ್ಟಳೆಗೆ ಮೃದುವಾದ ಮುಖವೂ ಇದೆ. ದಹನ ಮುಗಿಸಿ ಸ್ನಾನ ಮಾಡಿ ಬಂದವರಿಗೆ ಪಕ್ಕದ ಮನೆಯಿಂದ ಗಂಜಿ, ಉಪ್ಪಿನಕಾಯಿ ಬಂದಿರುತ್ತದೆ. ಸತ್ತವರ ಹೆಂಡತಿಗೋ ತಾಯಿಗೋ ಆ ದಿನ ಅಡುಗೆಯ ಯೋಚನೆ ಇರಬಾರದು ಎಂಬ ಕಾಳಜಿ ಅದರಲ್ಲಿದೆ.

ಸುಗ್ಗಿಯ ಕಾಲದಲ್ಲಿ ಸಾವು ಬಂದರೆ ಪರೀಕ್ಷೆ ಇನ್ನೂ ಕಠಿಣ. ಅಡಿಕೆಯ ಕೊಯ್ಲು ದೀಪಾವಳಿಯ ಆಸುಪಾಸಿನಲ್ಲಿ ಹಿಡಿದು ಸಂಕ್ರಾಂತಿ ದಾಟಿಯೂ ನಡೆಯುತ್ತದೆ. ಕೊನೆ ಇಳಿಸಿದ ಹಸಿ ಅಡಿಕೆಯನ್ನು ಅಂಗಳದಲ್ಲಿ ರಾಶಿ ಹಾಕಿ ವಾರಗಟ್ಟಲೆ ಕಾಯಲಾಗದು. ಸುಲಿಯಬೇಕು, ಚೊಗರು ಹಾಕಿ ಬೇಯಿಸಬೇಕು, ಹರವಿ ಒಣಗಿಸಬೇಕು. ಮರದಲ್ಲೇ ಬಿಟ್ಟರೆ ಹಣ್ಣಾಗಿ ಗೋಟಾಗುತ್ತದೆ, ಕೆಂಪಡಿಕೆಯ ದರ ತಪ್ಪಿಹೋಗುತ್ತದೆ. ಮನೆಯ ಯಜಮಾನ ತೀರಿಕೊಂಡ ಮೂರನೇ ದಿನ ಹಂಡೆಗೆ ಬೆಂಕಿ ಹಾಕಿ ಎಂದು ಯಾರಿಗೆ ಹೇಳುವುದು? ಮುಯ್ಯಾಳಿನ ಪದ್ಧತಿ ಇಂಥ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಇವತ್ತು ನಮ್ಮ ಮನೆಯ ಕೆಲಸಕ್ಕೆ ನೀವು, ನಾಳೆ ನಿಮ್ಮ ಮನೆಗೆ ನಾವು ಎಂಬ ಲೆಕ್ಕ ಸಾಮಾನ್ಯ ದಿನಗಳಲ್ಲಿ ಕಟ್ಟುನಿಟ್ಟಾಗಿಯೇ ಇರುತ್ತದೆ. ಸೂತಕದ ಮನೆಯ ಮಟ್ಟಿಗೆ ಆ ಲೆಕ್ಕ ಇಡುವುದಿಲ್ಲ. ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ಬೇರೆ ಮನೆಯ ಸರದಿ ಮುಂದೆ ಹಾಕಿ ಬರುತ್ತಾನೆ. ಅಡಿಕೆ ರಾಶಿ ಪಕ್ಕದವರ ಅಂಗಳಕ್ಕೆ ಹೋಗಿ ಅಲ್ಲೇ ಬೆಂದು ಒಣಗಿ, ಹದಿಮೂರನೇ ದಿನ ಕಳೆದ ಮೇಲೆ ಚೀಲವಾಗಿ ಮನೆಗೆ ಬರುತ್ತದೆ.

ದಿನಗಳ ಲೆಕ್ಕ ಒಂದೊಂದು ಸಮುದಾಯದಲ್ಲಿ ಒಂದೊಂದು ಬಗೆ. ಹವ್ಯಕರೇ ಮೊದಲಾದ ಬ್ರಾಹ್ಮಣರಲ್ಲಿ ಹತ್ತು ದಿನದ ಸೂತಕ, ಹನ್ನೆರಡರ ಸಪಿಂಡೀಕರಣ, ಹದಿಮೂರಕ್ಕೆ ವೈಕುಂಠ ಸಮಾರಾಧನೆ. ಆಮೇಲೆ ತಿಂಗಳು ತಿಂಗಳು ಮಾಸಿಕ, ಕಡೆಗೆ ವರ್ಷಾಂತಿಕ. ಒಕ್ಕಲಿಗರು, ದೀವರು ಮುಂತಾದವರಲ್ಲಿ ಹನ್ನೊಂದನೇ ದಿನದ ಆಸುಪಾಸಿಗೆ ತಿಥಿ, ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ. ವೀರಶೈವರಲ್ಲಿ ಸೂತಕವೆಂಬುದೇ ಇಲ್ಲ. ಸಮಾಧಿ, ಆಮೇಲೆ ಗಣಾರಾಧನೆ. ಮುಸ್ಲಿಮರಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ದಿನ ತುಂಗೆಯ ರಾಮತೀರ್ಥದಲ್ಲಿ ಸಾವಿರಾರು ಜನ ಮುಳುಗಿ ಏಳುತ್ತಾರೆ. ತಾಯಿಯನ್ನು ಕಡಿದ ಪರಶುರಾಮನ ಕೊಡಲಿಯ ರಕ್ತದ ಕಲೆ ತೊಳೆದುಹೋದದ್ದು ಇಲ್ಲೇ ಎಂಬುದು ಸ್ಥಳಪುರಾಣ. ಈ ಎಲ್ಲ ಲೆಕ್ಕಗಳಲ್ಲಿಯೂ ಸಮಾನವಾದ ಒಂದು ವಿವೇಕವಿದೆ. ದುಃಖಕ್ಕೆ ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ ಎಂದು ಅಂತರ ಹಿಗ್ಗಿಸುತ್ತ ಹೋಗುತ್ತಾರೆ. ಇಂಥ ದಿನದೊಳಗೆ ಮರೆತುಬಿಡು ಎಂದು ಯಾರೂ ಯಾರಿಗೂ ಹೇಳುವುದಿಲ್ಲ.

ಕಚೇರಿಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ರಾಜ್ಯ ಸರ್ಕಾರದ ನೌಕರರಿಗೆ ಸಾಂದರ್ಭಿಕ ರಜೆ 2019ರಿಂದ ವರ್ಷಕ್ಕೆ 10 ದಿನ. ಸಾಗರದ ಸರ್ಕಾರಿ ಕಚೇರಿಯೊಂದರ ನೌಕರ ತಂದೆಯ ಕ್ರಿಯೆಗೆ ಕೂತರೆ ಹದಿಮೂರು ದಿನಕ್ಕೆ ಗಳಿಕೆ ರಜೆಯನ್ನೋ ಅರ್ಧವೇತನ ರಜೆಯನ್ನೋ ಮುಟ್ಟಲೇಬೇಕು. ಅಡಿಕೆ ಮಂಡಿಯ ಗುಮಾಸ್ತನಿಗೆ, ಬಸ್ಸಿನ ಕ್ಲೀನರಿಗೆ, ಗಾರ್ಮೆಂಟ್ಸ್ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಓಡಾಡುವ ಹುಡುಗಿಗೆ ಅದೂ ಇಲ್ಲ. ಬಹಳ ಜನ ಮೂರನೇ ದಿನ ಬೂದಿ ಬಿಟ್ಟು, ತಲೆ ಬೋಳಿಸಿಕೊಂಡೇ ಕೆಲಸಕ್ಕೆ ಹೋಗಿ, ಹತ್ತನೇ ದಿನಕ್ಕೆ ಮತ್ತೆ ಬರುತ್ತಾರೆ. ಬೋಳುತಲೆ ನೋಡಿದ ಗಿರಾಕಿ ಯಾರು ಹೋದದ್ದು ಎಂದು ಕೇಳುತ್ತಾನೆ. ಕೌಂಟರಿನ ಆ ಬದಿಯಲ್ಲಿ ನಿಂತೇ ಉತ್ತರ ಹೇಳಿ ರಸೀದಿ ಹರಿಯಬೇಕು. ಇಂಥವರಿಗೆ ಸಂಬಳ ಕಡಿಯದ ಹತ್ತು ದಿನ ಸಿಗಬೇಕಾದದ್ದು ನ್ಯಾಯ.

ಸರ್ಕಾರಿ ನೌಕರಿಯಲ್ಲಿ ಇರುವಾಗಲೇ ತೀರಿಕೊಂಡವರ ಮನೆಯಲ್ಲಿ ನಷ್ಟ ಮತ್ತು ಹೊಸ ಉದ್ಯೋಗ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. 1996ರ ಕರ್ನಾಟಕ ಸಿವಿಲ್ ಸೇವೆಗಳ (ಅನುಕಂಪದ ಆಧಾರದ ಮೇಲೆ ನೇಮಕಾತಿ) ನಿಯಮಗಳ ಪ್ರಕಾರ, ಮೃತ ನೌಕರರ ಕುಟುಂಬದ ಅರ್ಹ ಸದಸ್ಯರೊಬ್ಬರು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ವಿದ್ಯಾರ್ಹತೆಗೆ ತಕ್ಕಂತೆ ‘ಸಿ’ ಅಥವಾ ‘ಡಿ’ ಗುಂಪಿನ ಹುದ್ದೆ ಸಿಗುತ್ತದೆ. ಮದುವೆಯಾದ ಮಗಳಿಗೆ ಈ ಹಕ್ಕು ಬಹುಕಾಲ ಇರಲಿಲ್ಲ. ಹೈಕೋರ್ಟು ಅದು ತಾರತಮ್ಯ ಎಂದಮೇಲೆ 2021ರಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿ ಅವಳಿಗೂ ದಾರಿ ಆಯಿತು. ಬಹಳ ತಡವಾಗಿ ಆದ ನ್ಯಾಯ ಅದು. ತವರಿನ ತಾಯಿಯನ್ನು ನೋಡಿಕೊಳ್ಳುವವಳು ಮದುವೆಯಾದ ಮಗಳೇ ಆಗಿರುವ ಮನೆಗಳು ಮಲೆನಾಡಿನಲ್ಲಿ ಮೊದಲಿನಿಂದಲೂ ಇದ್ದವು.

ಒಂದು ವರ್ಷದ ಆ ಗಡುವು ಒಳಗೊಳಗೇ ದೊಡ್ಡ ಒತ್ತಡ. ಇನ್ನೂ ಮಾಸಿಕ ನಡೆಯುತ್ತಿರುವಾಗಲೇ ಯಾರು ಅರ್ಜಿ ಹಾಕಬೇಕು ಎಂಬ ಮಾತು ಜಗಲಿಗೆ ಬರುತ್ತದೆ. ಹೆಂಡತಿಗೆ ಎಸ್ಸೆಸ್ಸೆಲ್ಸಿ ಆಗಿದೆ, ಆದರೆ ಮನೆ ಬಿಟ್ಟು ಹೊರಗೆ ದುಡಿದು ಗೊತ್ತಿಲ್ಲ. ಹಿರಿಮಗನಿಗೆ ಬೆಂಗಳೂರಿನಲ್ಲಿ ಕೆಲಸವಿದೆ. ಕಿರಿಯವನು ಇನ್ನೂ ಓದುತ್ತಿದ್ದಾನೆ. ಉಳಿದವರು ಒಪ್ಪಿಗೆಯ ಪ್ರಮಾಣಪತ್ರ ಬರೆದುಕೊಡಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಆದಾಯದ ಪತ್ರ ಎಂದು ನಾಡಕಚೇರಿಗೂ ತಾಲೂಕು ಕಚೇರಿಗೂ ಅಲೆದಾಟ. ಸತ್ತವರ ಹೆಸರನ್ನು ಅಷ್ಟು ಸಲ, ಅಷ್ಟು ಅರ್ಜಿಗಳಲ್ಲಿ, ‘ದಿವಂಗತ’ ಸೇರಿಸಿ ಬರೆಯುವ ಕೈಗೆ ನಿಜ ಮೆಲ್ಲಗೆ ಇಳಿಯುತ್ತದೆ ಎಂಬುದನ್ನು ಬಹಳ ಜನ ಹೇಳುತ್ತಾರೆ. ಶ್ಮಶಾನದಲ್ಲಿ ಅಳದವರು ನಾಡಕಚೇರಿಯ ಬೆಂಚಿನ ಮೇಲೆ ಅತ್ತದ್ದುಂಟು.

ಆದೇಶ ಬಂದು ಕೆಲಸಕ್ಕೆ ಸೇರುವ ದಿನ ಇನ್ನೂ ವಿಚಿತ್ರ. ನೇಮಕಾತಿ ಸಾಮಾನ್ಯವಾಗಿ ತೀರಿಕೊಂಡವರ ಇಲಾಖೆಯಲ್ಲೇ ಆಗುವುದರಿಂದ ಎದುರಿಗೆ ಇರುವವರೆಲ್ಲ ಅಪ್ಪನ ಗೆಳೆಯರು. ಅಪ್ಪ ಬರೆದ ಫೈಲುಗಳ ಅಕ್ಷರ ಬೀರುವಿನಲ್ಲಿದೆ. ಊರಿನವರು ‘ಅಪ್ಪನ ಕೆಲಸ ಮಗನಿಗೆ ಬಂತು’ ಎಂದು ಸಮಾಧಾನಪಡುತ್ತಾರೆ. ಹಾಗೆ ಬಂದದ್ದನ್ನು ಸಂತೋಷದಿಂದ ತೆಗೆದುಕೊಳ್ಳುವುದು ಹೇಗೆಂದು ಇಪ್ಪತ್ತೆರಡರ ಹುಡುಗನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮೊದಲ ಸಂಬಳದ ದಿನ ಸಿಹಿ ಹಂಚುವುದೋ ಬೇಡವೋ ಎಂಬ ಸಣ್ಣ ಪ್ರಶ್ನೆಯೂ ಭಾರವಾಗುತ್ತದೆ. ಒಳ್ಳೆಯ ಮೇಲಧಿಕಾರಿ ಇದ್ದಲ್ಲಿ ಮೊದಲ ಕೆಲವು ತಿಂಗಳು ಹಗುರವಾದ ಟಪಾಲು ಕೆಲಸ ಕೊಟ್ಟು, ಅಪ್ಪನ ಕುರ್ಚಿಯಿಂದ ಬೇರೆ ಕಡೆ ಕೂರಿಸಿ, ನಿಧಾನವಾಗಿ ಅವನದೇ ಹೆಸರು ಹುಟ್ಟಲು ಬಿಡುತ್ತಾರೆ. ಶಿಕ್ಷಕಿಯರ ಮಟ್ಟಿಗೆ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ವಿಧವೆಯರಿಗೆ ಆದ್ಯತೆ ಇರುವುದರಿಂದ, ಗಂಡನನ್ನು ಕಳೆದುಕೊಂಡವರು ದೂರದ ಶಾಲೆಯಿಂದ ತವರಿನ ಹತ್ತಿರಕ್ಕೆ ಬರುವುದು ಸಾಧ್ಯವಾಗಿದೆ.

ಭೂಮಿಯ ಮೇಲಿನ ಹೆಸರು ಬದಲಾಗುವುದು ಮಾತ್ರ ಎಲ್ಲಕ್ಕಿಂತ ನಿಧಾನ. ಯಜಮಾನ ಸತ್ತ ಮೇಲೆ ಪಹಣಿಯಲ್ಲಿ ವಾರಸುದಾರರ ಹೆಸರು ಏರಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಈ ಮೂರು ತಾಲೂಕುಗಳಲ್ಲಿ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗಳು ಬೇಕಾದಷ್ಟಿವೆ. ಖಾತೆ ಆಗದೆ ಬೆಳೆಸಾಲ ನವೀಕರಣವಾಗದು, ಬೆಳೆವಿಮೆಯ ಹಣಕ್ಕೂ ತೊಡಕು. ಆದರೂ ಮುಂದೂಡುತ್ತಾರೆ. ಪಾಲಿನ ಮಾತು ಎತ್ತಿದರೆ ಅಣ್ಣತಮ್ಮಂದಿರ ನಡುವೆ ಮನಸ್ತಾಪ ಬಂದೀತು ಎಂಬ ಹೆದರಿಕೆ ಒಂದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಬಂದದ್ದನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲದ ಮನೆಗಳೂ ಇವೆ. ಇವೆರಡಕ್ಕೂ ಕೆಳಗೆ ಇನ್ನೊಂದು ಕಾರಣವಿದೆ: ಅಪ್ಪನ ಹೆಸರನ್ನು ತಾನೇ ಕೈಯಾರೆ ತೆಗೆಸಬೇಕಲ್ಲ ಎಂಬ ಸಂಕಟ. ಈ ಸಂಕಟವನ್ನು ಗೌರವಿಸಬೇಕು. ಆದರೆ ಒಂದು ತಲೆಮಾರು ದಾಟಿದ ಪೌತಿ ಖಾತೆ ಹತ್ತು ಮನೆಗಳ ಸಹಿ ಬೇಡುತ್ತದೆ, ಆಗ ಉಳಿದ ಮಕ್ಕಳೇ ಕಷ್ಟಪಡುತ್ತಾರೆ.

ದುಃಖ ಹೊರಬರುವ ಜಾಗವೂ ಬಹಳ ಸಲ ಕೆಲಸದ ಜಾಗವೇ. ರಾತ್ರಿ ಅಡಿಕೆ ಸುಲಿಯುವ ಚಪ್ಪರ ಅಂಥದ್ದು. ಒಂದು ಬಲ್ಬಿನ ಕೆಳಗೆ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿಯ ಮಣೆಯ ಮೇಲೆ ಕಾಲಿಟ್ಟು ಕೂರುತ್ತಾರೆ. ಎಡಗೈ ಕಾಯಿ ಹಿಡಿದು ಕತ್ತಿಗೆ ಒತ್ತುತ್ತದೆ, ಬಲಗೈ ಸಿಪ್ಪೆ ಎಳೆಯುತ್ತದೆ, ಅಡಿಕೆ ಬುಟ್ಟಿಗೆ ಬೀಳುತ್ತದೆ, ಸಿಪ್ಪೆ ಹಿಂದಕ್ಕೆ. ಕಣ್ಣು ಕತ್ತಿಯ ಮೇಲೆ ಇರುವುದರಿಂದ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮಗನನ್ನು ಕಳೆದುಕೊಂಡವಳು ಅಲ್ಲಿ ಮಾತಾಡಬಲ್ಲಳು. ನಡುವೆ ದನಿ ನಿಂತರೆ ಕೈ ನಡೆಯುತ್ತಿರುತ್ತದೆ, ಪಕ್ಕದವಳು ಬೇರೆ ಸುದ್ದಿ ಎತ್ತುತ್ತಾಳೆ, ಸ್ವಲ್ಪ ಹೊತ್ತಿಗೆ ಮಾತು ಮತ್ತೆ ಅಲ್ಲಿಗೇ ಬರುತ್ತದೆ. ಹೀಗೆ ಒಂದು ಸುಗ್ಗಿ ಪೂರ್ತಿ. ಸುಲಿದಷ್ಟಕ್ಕೆ ಕೂಲಿ ಇರುವುದರಿಂದ ಅವಳು ಅಲ್ಲಿ ಯಾರ ಮರುಕದ ಮೇಲೂ ಕೂತಿರುವುದಿಲ್ಲ, ದುಡಿಯುತ್ತಿರುತ್ತಾಳೆ. ಈಗ ಬಹಳ ಮನೆಗಳಲ್ಲಿ ಸುಲಿಯುವ ಯಂತ್ರ ಬಂದಿದೆ. ಆಳು ಸಿಗದ ಕಾಲದಲ್ಲಿ ಯಂತ್ರ ತಂದವರನ್ನು ದೂರುವಂತಿಲ್ಲ, ಬೆರಳು ಕೊಯ್ದುಕೊಳ್ಳುವುದೂ ತಪ್ಪಿತು. ಆದರೆ ಯಂತ್ರದ ಸದ್ದಿನಲ್ಲಿ ಮಾತು ಕೇಳದು. ಕೂಲಿಯ ಜೊತೆ ಆ ಕೂಟವೂ ಹೋಯಿತು. ಅದರ ಬದಲಿಗೆ ಸ್ವಸಹಾಯ ಸಂಘದ ವಾರದ ಸಭೆ ಅಲ್ಪಸ್ವಲ್ಪ ನಡೆಸಿಕೊಡುತ್ತಿದೆ. ಕೊನೆಗಾರನ ಕಸುಬಿಗೆ ಬಂದ ಬದಲಾವಣೆ ಇದಕ್ಕಿಂತ ದಯೆಯುಳ್ಳದ್ದು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊನೆ ಇಳಿಸಬಹುದು, ಔಷಧಿ ಹೊಡೆಯಬಹುದು. ಮರದಿಂದ ಬಿದ್ದು ಸತ್ತವರ, ಸೊಂಟ ಮುರಿದು ಮಲಗಿದವರ ಮನೆ ಇಲ್ಲದ ಹೋಬಳಿ ಇಲ್ಲಿಲ್ಲ. ಅಪ್ಪ ಬಿದ್ದ ಮರದ ಬುಡದಲ್ಲಿ ಮಗ ದೋಟಿ ಹಿಡಿದು ನಿಂತಿದ್ದರೆ ಅವನ ತಾಯಿ ನಿದ್ದೆ ಮಾಡುತ್ತಾಳೆ.

ಕೆಲಸವೇ ಸಾವಿಗೆ ಕಾರಣವಾದಾಗ ಅದೇ ಕೆಲಸಕ್ಕೆ ಮರಳುವುದು ಬೇರೆಯೇ ಕಷ್ಟ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣಿಯಿಂದ ಹರಡುತ್ತದೆ, ಬೇಸಗೆಯಲ್ಲಿ ಹೆಚ್ಚು. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಅನೇಕರು ಸತ್ತರು. ಕೊಟ್ಟಿಗೆಗೆ ದರಗು, ತೋಟಕ್ಕೆ ಸೊಪ್ಪು ಬೇಕಾದದ್ದು ಅದೇ ತಿಂಗಳುಗಳಲ್ಲಿ, ತರಬೇಕಾದದ್ದು ಅದೇ ಕಾಡಿನಿಂದ. ಉಣ್ಣಿಯನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಮನೆಯ ಒಬ್ಬರನ್ನು ಕಳೆದುಕೊಂಡವರು ಮರುವರ್ಷ ಕಾಡಿನ ಅಂಚಿನಲ್ಲಿ ನಿಂತು ಎಣ್ಣೆ ಹಚ್ಚಿಕೊಳ್ಳುವಾಗ ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಆಸ್ಪತ್ರೆಯ ಚೀಟಿಯಲ್ಲಿ ಜಾಗವಿಲ್ಲ. ಆ ಊರುಗಳಿಗೆ ಔಷಧಿಯ ಜೊತೆಗೆ ಕೂತು ಕೇಳುವವರೂ ಹೋಗಬೇಕಿತ್ತು.

ಇಲ್ಲಿಯವರೆಗಿನದು ಮನುಷ್ಯ ಹೋಗಿ ಕೆಲಸ ಉಳಿದ ಮಾತು. ಕೆಲಸವೇ ಹೋಗಿ ಮನುಷ್ಯ ಉಳಿದದ್ದು ಈ ಸೀಮೆಯ ದೊಡ್ಡ ಕಥೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಶುರುವಾದಾಗ ಅದಕ್ಕೆ ನೀರು ನಿಲ್ಲಿಸಿದ್ದು ಹಿರೇಭಾಸ್ಕರ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಅಣೆಕಟ್ಟೇ ಮುಳುಗಿತು. ನೀರಿನ ಪೂರ್ಣಮಟ್ಟ 1819 ಅಡಿಗೆ ಏರುತ್ತ ಸಾಗರ, ಹೊಸನಗರದ ಊರೂರೇ ಗುಳೆ ಎದ್ದವು. ಆಮೇಲೆ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟಿಗೆ ಹೊಸನಗರ ಇನ್ನಷ್ಟು ಕೊಟ್ಟಿತು. ಅಲ್ಲಿಂದ ಎದ್ದವರಿಗೆ ಇಂದಿಗೂ ‘ಮುಳುಗಡೆಯವರು’ ಎಂದೇ ಹೆಸರು. ಅವರಿಗೆ ಕೊಟ್ಟ ಜಾಗ ಬಹುಪಾಲು ಕಾಡು. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ದಿನ ತೋಟಿಗರು ಕೂಲಿಗಳಾದರು. ಯಾವ ಮರ ಯಾವ ವರ್ಷ ಬಿಡುತ್ತದೆ, ಯಾವ ಕಾಲುವೆಯ ಬಸಿ ಎಲ್ಲಿ ನಿಲ್ಲುತ್ತದೆ ಎಂಬ ಮೂರು ತಲೆಮಾರಿನ ತಿಳಿವಳಿಕೆ ಹೊಸ ಮಣ್ಣಿನಲ್ಲಿ ಕೆಲಸಕ್ಕೆ ಬರಲಿಲ್ಲ. ಸತ್ತ ಅಜ್ಜನಿಗೆ ತಿಥಿ ಮಾಡಬಹುದು. ಮುಳುಗಿದ ತೋಟಕ್ಕೆ ತಿಥಿಯಿಲ್ಲ. ನಾಡಿನ ಮನೆಗಳಲ್ಲಿ ದೀಪ ಹೊತ್ತಿದ್ದು ಇವರ ಒಲೆ ಆರಿದ್ದರಿಂದ. ಆ ಋಣ ಇನ್ನೂ ತೀರಿಲ್ಲ. ಅವರಲ್ಲಿ ಅನೇಕರಿಗೆ ಇವತ್ತಿಗೂ ಭೂಮಿಯ ಹಕ್ಕುಪತ್ರವೇ ಕೈಗೆ ಬಂದಿಲ್ಲ.

ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಹೊಸ ಕಸುಬೂ ಹುಟ್ಟಿತು. ತುಮರಿ ಕಡೆಯ ಊರುಗಳು ಮೂರು ಬದಿ ನೀರಾಗಿ ಸಾಗರದಿಂದ ಕಡಿದುಹೋದ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚ್ ಓಡಿತು. ಮದುವೆಯ ದಿಬ್ಬಣ, ಬಸುರಿ ಹೆಂಗಸು, ಸಿಗಂದೂರು ದೇವಸ್ಥಾನದ ಭಕ್ತರು, ಬಸ್ಸು, ಶವ ಎಲ್ಲವೂ ಅದರಲ್ಲೇ ದಾಟಬೇಕಿತ್ತು. ಕತ್ತಲಾದರೆ ಲಾಂಚ್ ಇರುತ್ತಿರಲಿಲ್ಲ. ಆ ಕಾರಣಕ್ಕೇ ಉಳಿಯದ ಜೀವಗಳಿವೆ. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಆರು ದಶಕ ಕಾದ ಜನರ ಸಂತೋಷ ಪೂರ್ಣವಾದದ್ದು, ಅದರಲ್ಲಿ ಕೊರತೆ ಹುಡುಕಬಾರದು. ಆದರೂ ಲಾಂಚಿನ ಚಾಲಕ, ಹಗ್ಗ ಎಸೆಯುವವ, ದಡದಲ್ಲಿ ಚಹಾ ಮಾರುವವರಿಗೆ ಆ ದಿನವೇ ಕೆಲಸದ ಹೊಳೆ ಬತ್ತಿತು. ಊರಿಗೆ ಒಳ್ಳೆಯದಾಯಿತು ಎಂದು ನಗುತ್ತಲೇ ತನ್ನ ದುಡಿಮೆ ಹೋದದ್ದನ್ನು ನುಂಗಿಕೊಳ್ಳಬೇಕಾದ ಈ ಸ್ಥಿತಿಗೆ ಸಾವಿನ ಮನೆಯಲ್ಲಿ ಸಿಗುವ ಗಂಜಿ ಸಿಗುವುದಿಲ್ಲ. ಅರವತ್ತಕ್ಕೆ ನಿವೃತ್ತರಾಗುವ ಸರ್ಕಾರಿ ನೌಕರರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಬೀಳ್ಕೊಡುಗೆ ಇದೆ. ಅದನ್ನು ಬರಿಯ ಉಪಚಾರ ಎಂದು ಹಗುರವಾಗಿ ಕಾಣುವವರು ತಪ್ಪು ಮಾಡುತ್ತಾರೆ. ಕೆಲಸಕ್ಕೊಂದು ಕೊನೆ ಬಂತು, ಅದನ್ನು ನಾಲ್ಕು ಜನ ಕಂಡರು ಎಂಬುದಕ್ಕೆ ಈ ಬದುಕಿನಲ್ಲಿ ಉಳಿದಿರುವ ವಿಧಿ ಅದೊಂದೇ. ಯಂತ್ರ ಬಂದು ಮನೆಯಲ್ಲಿ ಉಳಿದ ಸುಲಿಯುವ ಹೆಂಗಸಿಗೂ ಅಂಥದ್ದೊಂದು ಬೇಕು.

ಸಾವು ಬರುವ ಮುಂಚೆಯೇ ಕೆಲಸ ಹಂಚಿಟ್ಟವರ ಮಾದರಿಯೂ ಇಲ್ಲೇ ಇದೆ. ಸಾಗರ ತಾಲೂಕಿನ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ 1949ರಲ್ಲಿ ಹುಟ್ಟಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ನಾಟಕ ತಂಡ ‘ತಿರುಗಾಟ’ ಸೇರಿದವು. ಇದನ್ನೆಲ್ಲ ಮುನ್ನಡೆಸಿದ ಕೆ. ವಿ. ಸುಬ್ಬಣ್ಣ 2005ರ ಜುಲೈ 16ರಂದು ತೀರಿಕೊಂಡರು. ಆ ಆಘಾತ ಸಣ್ಣದಲ್ಲ. ಆದರೆ ತರಗತಿ, ತಿರುಗಾಟ, ಪ್ರಕಾಶನ ಎಂದು ಕೆಲಸ ಅಷ್ಟರಲ್ಲೇ ಹಲವರ ಕೈಗೆ ಹೋಗಿತ್ತು, ಸಂಸ್ಥೆ ನಿಲ್ಲಲಿಲ್ಲ. ತೋಟದ ಮನೆಗಳಿಗೂ ಇದು ಅನ್ವಯ. ವಾಲ್ವ್ ಎಲ್ಲಿದೆ ಎಂದು ಮಗಳಿಗೂ ಗೊತ್ತಿರುವ, ಸೊಸೈಟಿಯ ಪಾಸ್‌ಬುಕ್ಕನ್ನು ಹೆಂಡತಿಯೂ ಓದಬಲ್ಲ ಮನೆ ಸಾವಿನ ಮರುವಾರ ಕಡಿಮೆ ತತ್ತರಿಸುತ್ತದೆ.

ಮಕ್ಕಳೆಲ್ಲ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮನೆಗಳು ಈಗ ಹೆಚ್ಚು. 2020ರ ಲಾಕ್‌ಡೌನಿನಲ್ಲಿ ಕೆಲವರು ಕಂಪ್ಯೂಟರ್ ಹಿಡಿದು ಊರಿಗೆ ಬಂದು, ಸಿಗ್ನಲ್ ಸಿಗುವ ಗುಡ್ಡ ಹುಡುಕಿ ಆಫೀಸು ನಡೆಸಿದರು. ಹಾಗೆ ಬಂದಿದ್ದರಿಂದ ಅಪ್ಪನ ಕೊನೆಯ ದಿನಗಳಲ್ಲಿ ಜೊತೆಗಿರಲು ಸಾಧ್ಯವಾಯಿತು ಎನ್ನುವವರಿದ್ದಾರೆ. ಆಫೀಸು ಮತ್ತೆ ಕರೆದಾಗ ತೋಟವನ್ನೂ ತಾಯಿಯನ್ನೂ ಬಿಟ್ಟು ಹೊರಡಬೇಕಾಯಿತು. ಅಂಥ ಮನೆಯವರು ಮಾಡಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ಚೇಣಿ: ಮರದ ಮೇಲಿನ ಫಸಲನ್ನು ಇಂತಿಷ್ಟು ಹಣಕ್ಕೋ ಇಂತಿಷ್ಟು ಅಡಿಕೆಗೋ ಒಬ್ಬರಿಗೆ ಬಿಟ್ಟುಕೊಡುವುದು. ದಿನಾ ಸಂಜೆ ಒಮ್ಮೆ ಬಂದು ಅಮ್ಮನನ್ನು ಮಾತಾಡಿಸಿ ಹೋಗುವ ನೆರೆಯವನಿಗೇ ಚೇಣಿ ಕೊಡುವುದು ಉತ್ತಮ. ಸಾವಿರ ರೂಪಾಯಿ ಕಡಿಮೆಯಾದರೂ ಅಡ್ಡಿಯಿಲ್ಲ. ಮಳೆಗಾಲದ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಹೊಣೆ ಯಾರದು, ಅದರ ಖರ್ಚು ಯಾರ ತಲೆಗೆ ಎಂಬುದನ್ನು ಮಾತ್ರ ಮೊದಲೇ ಬಿಡಿಸಿ ಮಾತಾಡಿಕೊಳ್ಳಬೇಕು. ಕೊಳೆ ಬಂದ ವರ್ಷ ಮನಸ್ಸು ಮುರಿಯುವುದು ಅಲ್ಲೇ.